ಗಮಲಿನ ಗುಟ್ಟು, ಚಿಟಿಕೆ ಗಂಧಕ

ಗಾಂಜಾ ಪತ್ತೆಗೆ ಪಳಗಿದ ಪೊಲೀಸ್ ನಾಯಿ ರೈಲ್ವೆ ಸ್ಟೇಷನ್ನಿನಲ್ಲಿ ಯಾರದೋ ಚೀಲದ ಮುಂದೆ ಕೂತು ಅಲುಗಾಡದೆ ಇದ್ದರೆ, ಅದರ ಮೂಗಿಗೆ ಬಡಿದದ್ದು ಅಮಲಿನ ಪದಾರ್ಥ ಎಂದು ನೋಡುವವರು ತಿಳಿಯುತ್ತಾರೆ. ಅದು ನಿಜವಲ್ಲ. ಅಮಲೇರಿಸುವ ಟಿಎಚ್‌ಸಿಗೆ ವಾಸನೆಯೇ ಇಲ್ಲ. ಅದು ಅಂಟಂಟಾದ ರಾಳ. ಸುಲಭಕ್ಕೆ ಗಾಳಿಗೆ ಏರುವುದಿಲ್ಲ. ನಾಯಿ ಬೆನ್ನು ಹತ್ತುವುದು ಕ್ಯಾರಿಯೊಫಿಲೀನ್ ಆಕ್ಸೈಡ್ ಎಂಬ ಬೇರೆಯೇ ಒಂದು ಅಣುವನ್ನು ಎಂದು 1973ರಲ್ಲಿ ಜರ್ಮನಿಯ ಸ್ಟಾಲ್ ಮತ್ತು ಕುಂಡೆ ತೋರಿಸಿಕೊಟ್ಟರು. ಇದರ ತಾಯಿ ಅಣುವಾದ ಕ್ಯಾರಿಯೊಫಿಲೀನ್ ನಮ್ಮ ಕಾಳುಮೆಣಸಿನಲ್ಲೂ ಲವಂಗದಲ್ಲೂ ಧಾರಾಳವಾಗಿದೆ. ಗಾಂಜಾ ಒಣಗಿ, ಗಾಳಿ ತಾಗಿ, ಹಳತಾಗುತ್ತ ಹೋದಂತೆ ಅದರ ಕ್ಯಾರಿಯೊಫಿಲೀನಿನಲ್ಲೊಂದು ಪಾಲು ಆಕ್ಸೈಡ್ ಆಗುತ್ತದೆ. ಕಾನೂನು ಹಿಡಿಯಲು ಹೊರಟದ್ದು ಒಂದನ್ನು, ನಾಯಿ ಹಿಡಿಯುವುದು ಅದರ ನೆರೆಯವನನ್ನು.

ದತ್ತಿ ಉಪನ್ಯಾಸಕ್ಕೆ ಇದೆಂಥ ವಿಷಯ ಎಂದು ಹುಬ್ಬೇರಿಸುವವರು ಸಭೆಯಲ್ಲಿ ಇರಬಹುದು. ಇಲ್ಲಿ ನಶೆಯ ಗುಣಗಾನವಿಲ್ಲ, ಹಾಗೆಂದು ಹೆದರಿಸುವ ಉಪದೇಶವೂ ಇಲ್ಲ. ಭಂಗಿ ಎಂದು ಕನ್ನಡ ಕರೆದ, ಕ್ಯಾನಬಿಸ್ ಸಟೈವ ಎಂದು ಲಿನೇಯಸ್ 1753ರಲ್ಲಿ ಹೆಸರಿಟ್ಟ ಒಂದು ಗಿಡಕ್ಕೆ ಆ ಗಮಲು ಎಲ್ಲಿಂದ ಬಂತು, ತಳಿಗಾರರು ಅದನ್ನು ಹೇಗೆ ಬೆಳೆಸಿದರು, ಹೇಗೆ ಕಳೆದುಕೊಂಡರು ಎಂಬುದಷ್ಟೇ ಇವತ್ತಿನ ವಿಷಯ. ಹಿಂದಿರುವ ಪ್ರಶ್ನೆ ಮಾತ್ರ ಗಾಂಜಾಕ್ಕಷ್ಟೇ ಸೇರಿದ್ದಲ್ಲ. ಬೆಳೆ ಯಾವುದೇ ಇರಲಿ, ತಳಿಗಾರ ಅಳೆಯಲು ಸಿಕ್ಕಿದ್ದನ್ನೇ ಹಿಡಿದು ಆಯ್ಕೆ ಮಾಡುತ್ತಾನೆ. ಅಳತೆಗೆ ಸಿಗದಷ್ಟು ಚಿಕ್ಕದರಲ್ಲಿ ಗಿಡದ ಗುಣ ಅಡಗಿದ್ದರೆ ಏನು ಮಾಡಬೇಕು?

ಹೆಣ್ಣು ಗಿಡದ ಹೂಗೊಂಚಲನ್ನು ಭೂತಗನ್ನಡಿಯಲ್ಲಿ ನೋಡಿದರೆ ಗುಂಡುಸೂಜಿಯ ಆಕಾರದ ಸಾವಿರಾರು ರೋಮಗಳು ಕಾಣುತ್ತವೆ. ಪ್ರತಿ ರೋಮದ ತುದಿಗೂ ಒಂದು ರಾಳದ ಗುಂಡು. ಟಿಎಚ್‌ಸಿ, ಅಮಲೇರಿಸದ ಅದರ ಸೋದರ ಸಿಬಿಡಿಗಳ ಆಮ್ಲರೂಪ ತಯಾರಾಗುವುದು ಇಲ್ಲಿ. ಟರ್ಪೀನ್ ಎಂಬ ಸುವಾಸನೆಯ ಎಣ್ಣೆಗಳು ತಯಾರಾಗುವುದೂ ಇಲ್ಲೇ. ಎರಡಕ್ಕೂ ಕಚ್ಚಾ ಮಾಲಿನ ಉಗ್ರಾಣ ಒಂದೇ. ಜೆರಾನಿಲ್ ಡೈಫಾಸ್ಫೇಟ್ ಎಂಬ ಹತ್ತು ಇಂಗಾಲದ ತುಂಡು ಒಂದು ದಾರಿ ಹಿಡಿದರೆ ಟಿಎಚ್‌ಸಿಯ ಕಡೆಗೆ ಹೋಗುತ್ತದೆ, ಇನ್ನೊಂದು ದಾರಿ ಹಿಡಿದರೆ ಲಿಮೊನೀನ್, ಪೈನೀನ್, ಮಿರ್ಸೀನ್ ಆಗುತ್ತದೆ. ಲಿಮೊನೀನ್ ಕಿತ್ತಳೆ ಸಿಪ್ಪೆಯಲ್ಲಿದೆ, ಪೈನೀನ್ ದೇವದಾರಿನಂಥ ಮರಗಳಲ್ಲಿದೆ, ಮಿರ್ಸೀನ್ ಬಿಯರಿಗೆ ಹಾಕುವ ಹಾಪ್ಸ್‌ನಲ್ಲಿದೆ. ಒಣಗಿದ ಒಳ್ಳೆಯ ಹೂವಿನಲ್ಲಿ ಟರ್ಪೀನುಗಳದು ತೂಕದ ಸುಮಾರು ಶೇಕಡಾ 1ರಿಂದ 3ರಷ್ಟು ಪಾಲು. ಗಾಂಜಾದಲ್ಲಿ ನೂರಕ್ಕೂ ಹೆಚ್ಚು ಬಗೆಯ ಟರ್ಪೀನುಗಳನ್ನು ಗುರುತಿಸಿದ್ದಾರೆ. ಅವುಗಳಲ್ಲಿ ಆರೇಳು ದೊಡ್ಡಣ್ಣಂದಿರು, ಉಳಿದವು ಪರಿವಾರ.

ಈ ದೊಡ್ಡಣ್ಣಂದಿರ ಲೆಕ್ಕ ಹಿಡಿದೇ ಹಲವು ವರ್ಷ ಗಾಂಜಾದ ವಾಸನೆಯನ್ನು ವಿವರಿಸಿದ್ದಾಯಿತು. ಕೆನಡಾದಲ್ಲೂ ಅಮೆರಿಕದ ಕೆಲವು ರಾಜ್ಯಗಳಲ್ಲೂ ಮಾರಾಟ ಕಾನೂನುಬದ್ಧವಾದ ಮೇಲೆ ಡಬ್ಬಿಯ ಮೇಲೆ ಟರ್ಪೀನ್ ಪಟ್ಟಿ ಅಚ್ಚು ಹಾಕುವ ರೂಢಿ ಬಂತು. ಒಂದು ಮುಜುಗರ ಮಾತ್ರ ಉಳಿದೇ ಇತ್ತು. ಪಟ್ಟಿಯಲ್ಲಿರುವ ಟರ್ಪೀನುಗಳನ್ನು ಅದೇ ಪ್ರಮಾಣದಲ್ಲಿ ಬೆರೆಸಿ ಮೂಸಿದರೆ ನಿಂಬೆ, ಪೈನ್, ಮೆಣಸು, ಹೂವು ಎಲ್ಲ ಬರುತ್ತಿತ್ತು. ಆ ಗಿಡದ ಗಮಲು ಮಾತ್ರ ಬರುತ್ತಿರಲಿಲ್ಲ. ಒಗ್ಗರಣೆಗೆ ಎಲ್ಲವನ್ನೂ ಹಾಕಿ ಇಂಗು ಮರೆತ ಸಾರಿನಂತೆ.

ಮರೆತದ್ದು ನಿಜಕ್ಕೂ ಇಂಗಿನ ಕುಲದ್ದೇ ಆಗಿತ್ತು.

ಅಮೆರಿಕದಲ್ಲಿ ಈ ಗಮಲಿಗೆ ಇಟ್ಟ ಹೆಸರು ಸ್ಕಂಕ್. ಬೆದರಿದಾಗ ಬಾಲವೆತ್ತಿ ದುರ್ನಾತದ ದ್ರವ ಚಿಮ್ಮಿಸುವ, ಕಪ್ಪು ಬಿಳಿ ಪಟ್ಟೆಯ ಆ ಪ್ರಾಣಿ ನಮ್ಮ ಕಾಡುಗಳಲ್ಲಿಲ್ಲ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಬೆಳೆಗಾರರು ಅಫ್ಘಾನಿಸ್ತಾನದ ಗಿಡ್ಡ ತಳಿಯನ್ನು ಕೊಲಂಬಿಯಾ ಮತ್ತು ಮೆಕ್ಸಿಕೋದ ಎತ್ತರದ ತಳಿಗಳೊಡನೆ ಕೂಡಿಸಿ ತೆಗೆದ ಮಿಶ್ರತಳಿಗೆ ಸ್ಕಂಕ್ ನಂಬರ್ 1 ಎಂದೇ ಹೆಸರು ಬಂತು. ಮುಂದಿನ ದಶಕದಲ್ಲಿ ಅದರ ಬೀಜ ನೆದರ್ಲೆಂಡ್ಸಿಗೆ ದಾಟಿ ಅಲ್ಲಿಂದ ಯುರೋಪಿಗೆಲ್ಲ ಹರಡಿತು. ಬ್ರಿಟನ್ನಿನ ಪತ್ರಿಕೆಗಳು ಕಟುವಾದ ಗಾಂಜಾಕ್ಕೆಲ್ಲ ಸ್ಕಂಕ್ ಎಂದೇ ಬರೆಯತೊಡಗಿದವು. ಹೀಗೆ ಹೆಸರು ಲೋಕಪ್ರಸಿದ್ಧವಾಯಿತು. ಆ ಹೆಸರಿಗೆ ಕಾರಣವಾದ ಅಣು ಯಾವುದೆಂದು ಮುಂದೆ ನಾಲ್ಕು ದಶಕ ಯಾರೂ ಬೆರಳಿಟ್ಟು ತೋರಿಸಲಿಲ್ಲ.

ತೋರಿಸಿದ್ದು 2021ರಲ್ಲಿ. ಕ್ಯಾಲಿಫೋರ್ನಿಯಾದ ಅಬ್‌ಸ್ಟ್ರಾಕ್ಸ್ ಎಂಬ ಸುವಾಸನೆ ಕಂಪನಿಯ ಇಯಾನ್ ಆಸ್ವಾಲ್ಡ್ ಮತ್ತು ಜೊತೆಗಾರರು 13 ತಳಿಗಳ ಹೂವು ತಂದು ನಾಲ್ಕು ಜನರ ಕೈಗೆ ಕೊಟ್ಟು, ಗಮಲಿಗೆ ಸೊನ್ನೆಯಿಂದ ಹತ್ತರವರೆಗೆ ಅಂಕ ಹಾಕಿಸಿದರು. ಬೇಕನ್ ಫೇಸ್ ಎಂಬ ವಿಚಿತ್ರ ಹೆಸರಿನ ತಳಿ ಮೊದಲ ಸ್ಥಾನ ಪಡೆಯಿತು. ಆಮೇಲೆ ಅದೇ ಹೂವುಗಳು ಯಂತ್ರದ ಪಾಲಾದವು.

ಯಂತ್ರದ ವಿಷಯ ಒಂದಿಷ್ಟು ಹೇಳಲೇಬೇಕು, ಗುಟ್ಟು ಬಯಲಾದದ್ದು ಅಲ್ಲೇ. ಗ್ಯಾಸ್ ಕ್ರೊಮಟೋಗ್ರಾಫ್ ಎಂದರೆ ಒಂದು ಬಿಸಿ ಕೊಳವೆ. ಅದರೊಳಗೆ ಹೊಕ್ಕ ಆವಿಯ ಅಣುಗಳು ತಮ್ಮ ತಮ್ಮ ಗುಣಕ್ಕೆ ತಕ್ಕ ವೇಗದಲ್ಲಿ ಓಡಿ ಒಂದೊಂದಾಗಿ ಹೊರಬರುತ್ತವೆ. ಪ್ರತಿಯೊಂದಕ್ಕೂ ಕಾಗದದ ಮೇಲೊಂದು ಶಿಖರ ಮೂಡುತ್ತದೆ. ಗಾಂಜಾವನ್ನು ಓಡಿಸಿದರೆ ಟರ್ಪೀನುಗಳ ಶಿಖರ ಸಹ್ಯಾದ್ರಿಯಂತೆ ಎದ್ದು ನಿಲ್ಲುತ್ತದೆ. ಅದರ ನೆರಳಿನಲ್ಲಿರುವ ಹುತ್ತ ಯಾರ ಕಣ್ಣಿಗೆ ಬೀಳಬೇಕು? ಆಸ್ವಾಲ್ಡ್ ತಂಡ ಎರಡು ಉಪಾಯ ಮಾಡಿತು. ಒಂದು ಕೊಳವೆಯಿಂದ ಬಂದದ್ದನ್ನು ಬೇರೆ ಗುಣದ ಎರಡನೆಯ ಕೊಳವೆಗೆ ಹಾಯಿಸಿ, ಒಂದರ ಬೆನ್ನಿಗೆ ಒಂದು ಅಂಟಿಕೊಂಡಿದ್ದ ಅಣುಗಳನ್ನು ಬಿಡಿಸಿದ್ದು ಮೊದಲನೆಯದು. ಗಂಧಕವಿದ್ದ ಅಣು ಬಂದಾಗ ಮಾತ್ರ ಸದ್ದು ಮಾಡುವ, ಟರ್ಪೀನುಗಳಿಗೆ ಕಿವುಡಾದ ಶೋಧಕವನ್ನು ಕೊನೆಗೆ ಜೋಡಿಸಿದ್ದು ಎರಡನೆಯದು. ಆಗ ಹುತ್ತಗಳು ಕಂಡವು. ಏಳು ಗಂಧಕದ ಅಣುಗಳು ಸಿಕ್ಕವು. ಅವುಗಳ ಪೈಕಿ ಮುಖ್ಯವಾದದ್ದು 3-ಮೀಥೈಲ್-2-ಬ್ಯೂಟೀನ್-1-ಥಯಾಲ್. ಹೆಸರು ಉದ್ದ, ಅಣು ಪುಟ್ಟದು: ಐದು ಇಂಗಾಲದ ಬಾಲ, ತುದಿಗೊಂದು ಗಂಧಕ. ಇದನ್ನು ಮತ್ತು ಇದರ ಬಂಧುಗಳನ್ನು ಟರ್ಪೀನ್ ಮಿಶ್ರಣಕ್ಕೆ ಸೇರಿಸಿದ ಕೂಡಲೇ ಅಷ್ಟು ಹೊತ್ತು ನಿಂಬೆ ಶರಬತ್ತಿನಂತಿದ್ದದ್ದು ಗಾಂಜಾ ಆಯಿತು. ಬೇಕನ್ ಫೇಸಿನಲ್ಲಿ ಈ ಅಣು ಎಲ್ಲ ತಳಿಗಳಿಗಿಂತ ಹೆಚ್ಚಿತ್ತು. ನಾಲ್ಕು ಮೂಗುಗಳು ಸುಳ್ಳು ಹೇಳಿರಲಿಲ್ಲ.

ಸಂಸ್ಕೃತದಿಂದ ಬಂದ ಗಂಧಕ ಎಂಬ ಪದದೊಳಗೆ ಗಂಧ ಇದೆ ಎಂಬುದನ್ನು ರಸಾಯನ ಪಾಠದಲ್ಲಿ ಯಾವ ಮೇಷ್ಟರೂ ಒತ್ತಿ ಹೇಳುವುದಿಲ್ಲ. ಹೇಳಬೇಕಿತ್ತು. ಬೆಳ್ಳುಳ್ಳಿ, ಈರುಳ್ಳಿ, ಇಂಗು, ಹುರಿದ ಕಾಫಿ, ಸೀಬೆಹಣ್ಣು, ಎಲ್ಲದರ ವಾಸನೆಯಲ್ಲೂ ಗಂಧಕದ ಕೈವಾಡವಿದೆ. ಹುರಿದ ಕಾಫಿಯಲ್ಲಿ ಸಾವಿರದ ಹತ್ತಿರ ಆವಿಯಾಗುವ ಪದಾರ್ಥಗಳನ್ನು ಎಣಿಸಿದ್ದಾರೆ. ಚಿಕ್ಕಮಗಳೂರಿನ ಕಾಫಿಪುಡಿ ಅಂಗಡಿಯ ಮುಂದೆ ನಡೆದುಹೋಗುವವನನ್ನು ಒಳಕ್ಕೆ ಎಳೆಯುವ ಘಮದಲ್ಲಿ ಸಿಂಹಪಾಲು ಫರ್ಫ್ಯೂರೈಲ್ ಥಯಾಲ್ ಎಂಬ ಗಂಧಕದ ಅಣುವಿನದು. ಸ್ಟೌಡಿಂಗರ್ ಮತ್ತು ರೈಖ್‌ಸ್ಟೈನ್ ಅದನ್ನು 1926ರಷ್ಟು ಹಿಂದೆಯೇ ಗುರುತಿಸಿದ್ದರು. ಮುಂದೆ ಇಬ್ಬರಿಗೂ ಬೇರೆ ಬೇರೆ ಕೆಲಸಗಳಿಗೆ ನೊಬೆಲ್ ಬಂತು.

ಇಷ್ಟು ಅಲ್ಪ ಪದಾರ್ಥಕ್ಕೆ ಇಷ್ಟು ದೊಡ್ಡ ದನಿ ಹೇಗೆ? ಪ್ರತಿ ವಾಸನೆಗೂ ನಮ್ಮ ಮೂಗಿನಲ್ಲಿ ಒಂದು ಹೊಸ್ತಿಲಿದೆ. ಅದನ್ನು ದಾಟುವಷ್ಟು ಅಣುಗಳು ಬಂದರೆ ಮಾತ್ರ ವಾಸನೆ ತಿಳಿಯುತ್ತದೆ. ಕೆಲವಕ್ಕೆ ಹೊಸ್ತಿಲು ಗೋಡೆಯಷ್ಟು ಎತ್ತರ, ಕೆಲವಕ್ಕೆ ರಂಗೋಲಿ ಗೆರೆಯಷ್ಟು. ಚಕ್ಕೋತದ ತಮ್ಮನಂತಿರುವ ಗ್ರೇಪ್‌ಫ್ರೂಟ್ ಹಣ್ಣಿನ ಗಂಧಕದ ಅಣುವನ್ನು 1982ರಲ್ಲಿ ಸ್ವಿಟ್ಜರ್ಲೆಂಡಿನ ಸಂಶೋಧಕರು ಬಿಡಿಸಿ ತೆಗೆದಾಗ ಅದರ ಹೊಸ್ತಿಲು ಲೀಟರ್ ನೀರಿಗೆ 0.02 ನ್ಯಾನೋಗ್ರಾಂ ಎಂದು ಲೆಕ್ಕ ಸಿಕ್ಕಿತು. ಈ ಅಂಕಿ ಓದಿದರೆ ಮನಸ್ಸಿಗೆ ಏನೂ ಹೊಳೆಯುವುದಿಲ್ಲ. ಹೀಗೆ ಹೇಳಬಹುದು: ಕನ್ನಂಬಾಡಿ ಕಟ್ಟೆ ತುಂಬಿದಾಗ ಅದರಲ್ಲಿ 49 ಟಿಎಂಸಿಯಷ್ಟು ನೀರು ನಿಲ್ಲುತ್ತದೆ. ಅಷ್ಟೂ ನೀರಿಗೆ ಆ ವಾಸನೆ ಹಿಡಿಸಲು ಸುಮಾರು 28 ಗ್ರಾಂ ಸಾಕು. ಎರಡೂವರೆ ತೊಲ. ಗಾಂಜಾದ ಥಯಾಲ್ ಅಷ್ಟು ಚುರುಕಲ್ಲ, ಅದಕ್ಕೆ ಲೀಟರಿಗೆ ಕೆಲವು ನ್ಯಾನೋಗ್ರಾಂ ಬೇಕು; ಆದರೂ ಹತ್ತಾರು ಕಿಲೋದೊಳಗೆ ಕಟ್ಟೆಯ ಕೆಲಸ ಮುಗಿದುಹೋಗುತ್ತದೆ. ಮಿರ್ಸೀನಿನ ಹೊಸ್ತಿಲು ಇದಕ್ಕಿಂತ ಸಾವಿರಾರು ಪಟ್ಟು ಎತ್ತರ. ತೂಕದಲ್ಲಿ ಯಾರು ಹೆಚ್ಚು ಎಂದು ಕೇಳಿದರೆ ಮಿರ್ಸೀನ್ ಗೆಲ್ಲುತ್ತದೆ. ಯಾರ ದನಿ ಕೇಳಿಸುತ್ತದೆ ಎಂದು ಕೇಳಿದರೆ ಉತ್ತರವೇ ಬೇರೆ.

ಈ ಅಣು ರಸಾಯನ ಶಾಸ್ತ್ರಕ್ಕೆ ಹೊಸಬನೇನಲ್ಲ. ಬಿಸಿಲಿಗಿಟ್ಟ ಬಿಯರ್ ನಾರುತ್ತದಲ್ಲ, ಅದರ ಅಪರಾಧಿಯೂ ಇವನೇ. ಹಾಪ್ಸ್‌ನ ಕಹಿ ಆಮ್ಲಕ್ಕೆ ಬೆಳಕು ತಗುಲಿದಾಗ ಐದು ಇಂಗಾಲದ ಒಂದು ಚೂರು ಮುರಿದು ಗಂಧಕವನ್ನು ಹಿಡಿದುಕೊಳ್ಳುತ್ತದೆ. ಬಿಯರನ್ನು ಕಂದು ಬಾಟಲಿಯಲ್ಲಿ ತುಂಬುವ ರೂಢಿಯ ಹಿಂದಿನ ಕಾರಣ ಇದು. ಹಾಪ್ಸ್ ಬಳ್ಳಿ ಮತ್ತು ಗಾಂಜಾ ಗಿಡ ಒಂದೇ ಕುಟುಂಬಕ್ಕೆ, ಕ್ಯಾನಬೇಸಿಗೆ, ಸೇರಿದ ದಾಯಾದಿಗಳು. ಒಂದು ಮನೆಯಲ್ಲಿ ದೋಷವೆಂದು ಬಾಟಲಿಯ ಬಣ್ಣ ಬದಲಿಸಿದರು. ಇನ್ನೊಂದು ಮನೆಯಲ್ಲಿ ಅದನ್ನೇ ಗುಣವೆಂದು ಹುಡುಕಿಕೊಂಡು ಹೋದರು.

ಆಸ್ವಾಲ್ಡ್ ತಂಡ ಎರಡು ವರ್ಷದ ಬಳಿಕ, 2023ರಲ್ಲಿ, ಇನ್ನಷ್ಟು ಮುಂದೆ ಹೋಯಿತು. ಮಂಜುಗಡ್ಡೆಯ ನೀರಿನಲ್ಲಿ ರೋಮಗಳನ್ನು ಉದುರಿಸಿ, ಒತ್ತಿ ತೆಗೆದ 31 ತಳಿಗಳ ರಾಳವನ್ನು ಈ ಸಲ ಪರೀಕ್ಷೆಗೆ ಒಡ್ಡಿದರು. ಟರ್ಪೀನ್ ಪಟ್ಟಿಯಲ್ಲಿ ಹೆಚ್ಚುಕಡಿಮೆ ಅವಳಿಗಳಂತೆ ಕಂಡ ತಳಿಗಳು ಮೂಗಿಗೆ ಬೇರೆ ಬೇರೆಯಾಗಿದ್ದವು. ವ್ಯತ್ಯಾಸ ಬಂದದ್ದು ಟರ್ಪೀನಲ್ಲದ ಪರಿವಾರದಿಂದ. ಹಣ್ಣಿನ ಘಮದ ತಳಿಗಳಲ್ಲಿ ಸೀಬೆ, ಪ್ಯಾಶನ್ ಫ್ರೂಟುಗಳಲ್ಲಿರುವ ಬೇರೊಂದು ಬಗೆಯ ಗಂಧಕದ ಅಣುಗಳು ಸಿಕ್ಕವು. ಜಿಎಂಒ ಎಂಬ ತಳಿಯಂಥವುಗಳಲ್ಲಿ ಸಿಕ್ಕದ್ದು ಸ್ಕಟೋಲ್. ಜಿಎಂಒ ಎಂದಾಕ್ಷಣ ಕುಲಾಂತರಿ ಎಂದು ಕೆರಳಬೇಕಾಗಿಲ್ಲ. ಬೆಳ್ಳುಳ್ಳಿ, ಅಣಬೆ, ಈರುಳ್ಳಿ ಎಂಬ ಇಂಗ್ಲಿಷ್ ಪದಗಳ ಮೊದಲ ಅಕ್ಷರಗಳವು.

ಸ್ಕಟೋಲ್ ಎಂದರೆ ಮಲದ ವಾಸನೆಯ ಅಣು. ಹೆಸರಿನ ಗ್ರೀಕ್ ಮೂಲದ ಅರ್ಥವೂ ಅದೇ. ಕೇಳಿ ಮೂಗು ಮುಚ್ಚಿಕೊಳ್ಳುವ ಮುನ್ನ ಪುನುಗನ್ನು ನೆನೆಯಬೇಕು. ಪುನುಗು ಬೆಕ್ಕಿನ ಗ್ರಂಥಿಯ ಆ ದ್ರವ್ಯದಲ್ಲಿ ಸ್ಕಟೋಲ್ ಇದೆ. ದೇವರ ಅಲಂಕಾರಕ್ಕೂ ಅತ್ತರಿಗೂ ಅದು ಶತಮಾನಗಳಿಂದ ಸಂದಿದೆ. ಸ್ಕಟೋಲಿನ ತಂಗಿ ಇಂಡೋಲ್ ಮಲ್ಲಿಗೆಯಲ್ಲಿದೆ. ಸಂಜೆ ಕಟ್ಟಿದ ದಂಡೆ ರಾತ್ರಿ ಮುಚ್ಚಿದ ಕೋಣೆಯಲ್ಲಿ ಉಸಿರುಗಟ್ಟಿಸುವಷ್ಟು ಭಾರವಾಗುತ್ತದಲ್ಲ, ಆ ಭಾರದಲ್ಲಿ ಇಂಡೋಲಿನ ಪಾಲಿದೆ. ಅದನ್ನು ಪೂರ್ತಿ ತೆಗೆದ ಕೃತಕ ಮಲ್ಲಿಗೆ ಎಣ್ಣೆ ಸೋಪಿನಂತೆ ಸಪ್ಪೆ. ಕೊಂಚವಿದ್ದರೆ ಹೂವು, ಹೆಚ್ಚಾದರೆ ಕೊಟ್ಟಿಗೆ. ಸುವಾಸನೆ ದುರ್ವಾಸನೆ ಎಂದು ಅಣುಗಳನ್ನು ಎರಡು ಪಂಕ್ತಿಯಲ್ಲಿ ಕೂರಿಸುವುದು ಆಗದ ಮಾತು.

ಇನ್ನು ತಳಿಯ ವಿಷಯ. ಗಾಂಜಾ ತಳಿಗಾರಿಕೆಯಲ್ಲಿ ಸುಲಭದ ಭಾಗ ಯಾವುದೆಂದರೆ, ಆಶ್ಚರ್ಯವೆನಿಸಬಹುದು, ಅಮಲೇ. 2003ರಲ್ಲಿ ಆಮ್‌ಸ್ಟರ್‌ಡಾಮಿನ ಹೊರ್ಟಾಫಾರ್ಮ್ ಕಂಪನಿಯ ಎಟಿಯೆನ್ ಡಿ ಮೈಯರ್ ಮತ್ತು ಜೊತೆಗಾರರು ಟಿಎಚ್‌ಸಿ ತಳಿಯನ್ನು ಸಿಬಿಡಿ ತಳಿಯೊಂದಿಗೆ ಕೂಡಿಸಿದರು. ಮೊಮ್ಮಕ್ಕಳ ಪೀಳಿಗೆಯಲ್ಲಿ ಕಾಲು ಪಾಲು ಟಿಎಚ್‌ಸಿ, ಅರ್ಧ ಎರಡರ ಮಿಶ್ರಣ, ಕಾಲು ಪಾಲು ಸಿಬಿಡಿ. ಮೆಂಡಲನ ಬಟಾಣಿಯ ಅದೇ 1:2:1. ಟರ್ಪೀನ್ ಇದಕ್ಕಿಂತ ತೊಡಕಿನದಾದರೂ ಕೈಗೆ ಸಿಗುವಂಥದ್ದು. 2017ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ತಂಡ ಟರ್ಪೀನ್ ತಯಾರಿಸುವ ಒಂಬತ್ತು ಕಿಣ್ವಗಳ ಜೀನುಗಳನ್ನು ಬಿಡಿಸಿತು. ಆಮೇಲೆ ಪಟ್ಟಿ ಉದ್ದವಾಗುತ್ತ ಹೋಗಿದೆ. ಎಳೆಯ ಸಸಿಯ ಎಲೆ ಕಿತ್ತು ಡಿಎನ್‌ಎ ನೋಡಿ, ಇದು ಬೇಕು, ಇದು ಬೇಡ ಎಂದು ಆರಿಸುವ ದಾರಿ ಹೀಗೆ ತೆರೆಯಿತು.

ಗಂಧಕದ ಅಣುಗಳ ಮುಂದೆ ಈ ಜಾಣ್ಮೆ ನಿಲ್ಲುವುದಿಲ್ಲ. ಮೊದಲನೆಯದಾಗಿ, ಅವು ತಡವಾಗಿ ಬಂದು ಬೇಗ ಹೋಗುವ ನೆಂಟರು. 2021ರ ಅಧ್ಯಯನದಲ್ಲಿ ಹೂಬಿಡುವ ಕೊನೆಯ ವಾರಗಳಲ್ಲಿ ಮಾತ್ರ ಅವುಗಳ ಪ್ರಮಾಣ ಏರಿತು. ಕೊಯ್ದು, ಒಣಗಿಸಿ, ಡಬ್ಬಿಯಲ್ಲಿಟ್ಟು ಹದ ಮಾಡುವಾಗ ತುತ್ತತುದಿ ಮುಟ್ಟಿತು. ಅಲ್ಲಿಂದ ಹತ್ತು ದಿನ ದಾಸ್ತಾನಿನಲ್ಲಿಡುವಷ್ಟರಲ್ಲಿ ಇಳಿದುಹೋಯಿತು. ಸಸಿಯನ್ನು ಮೂಸಿ ಆರಿಸುವಂತಿಲ್ಲ, ಅರ್ಧ ಬೆಳೆದದ್ದನ್ನು ಮೂಸುವಂತಿಲ್ಲ, ಗೋದಾಮಿನಲ್ಲಿ ತಿಂಗಳಿಟ್ಟದ್ದನ್ನೂ ಮೂಸುವಂತಿಲ್ಲ. ಸರಿಯಾದ ಆ ಕೆಲವು ದಿನ ತಪ್ಪಿದರೆ ಒಳ್ಳೆಯ ಗಿಡವೂ ಸಾಧಾರಣ ಎಂದು ಬೇಲಿಯಾಚೆ ಬೀಳುತ್ತದೆ.

ಎರಡನೆಯದು, ಗಂಡು ಗಿಡದ ತಾಪತ್ರಯ. ಈ ಬೆಳೆಯಲ್ಲಿ ಗಂಡು ಬೇರೆ, ಹೆಣ್ಣು ಬೇರೆ. ಗಮಲಿನ ಹೂಗೊಂಚಲು ಹೆಣ್ಣಿನದು. ಗಂಡು ಗಿಡ ಮಕ್ಕಳಿಗೆ ಎಂಥ ವಾಸನೆ ಕೊಟ್ಟೀತು ಎಂದು ಅದನ್ನು ಮೂಸಿ ತಿಳಿಯುವುದು ಕಷ್ಟ. ಹಳ್ಳಿಕಾರರ ನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಹೋರಿ ಹಾಲು ಕರೆಯುವುದಿಲ್ಲ, ಅದರ ಹೆಣ್ಣುಕರುಗಳು ಕರೆಯುವವರೆಗೂ ಕಾಯಬೇಕು. ಇಲ್ಲೂ ಹಾಗೆಯೇ, ಒಂದು ಗಂಡಿನ ಬೆಲೆ ತಿಳಿಯಲು ಅದರ ಹತ್ತಾರು ಹೆಣ್ಣುಮಕ್ಕಳನ್ನು ಬೆಳೆಸಬೇಕು. ಈ ರಗಳೆಯೇ ಬೇಡವೆಂದು ಕೆಲವರು ಹೆಣ್ಣು ಗಿಡಕ್ಕೆ ಬೆಳ್ಳಿಯ ಲವಣವೊಂದನ್ನು ಸಿಂಪಡಿಸುತ್ತಾರೆ. ಆಗ ಹೆಣ್ಣಿನಲ್ಲೇ ಗಂಡುಹೂವು ಅರಳಿ, ಅದರ ಪರಾಗದಿಂದ ಕಟ್ಟಿದ ಬೀಜವೆಲ್ಲ ಹೆಚ್ಚುಕಡಿಮೆ ಹೆಣ್ಣೇ ಆಗುತ್ತದೆ. ಮೆಚ್ಚಿದ ಒಂದು ಗಿಡ ಸಿಕ್ಕರಂತೂ ಬೀಜದ ಗೊಡವೆಗೇ ಹೋಗದೆ ತುಂಡು ನೆಟ್ಟು ಸಾವಿರ ಮಾಡುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ಹೀಗೆ ತುಂಡಿನಿಂದ ತುಂಡಿಗೆ ಒಂದು ಜಾಡ್ಯವೂ ಸದ್ದಿಲ್ಲದೆ ಹರಡಿತು. ದಾಯಾದಿ ಮನೆಯಾದ ಹಾಪ್ಸ್‌ನ ಹೆಸರಿನ ಹಾಪ್ ಲೇಟೆಂಟ್ ವೈರಾಯ್ಡ್ ಗಾಂಜಾವನ್ನೂ ಸೊರಗಿಸುತ್ತಿದೆ ಎಂದು 2019ರಲ್ಲಿ ಪತ್ತೆಯಾಯಿತು. ಗಿಡ ಸಾಯುವುದಿಲ್ಲ, ರಾಳ ಕುಗ್ಗುತ್ತದೆ, ಗಮಲು ಮಂಕಾಗುತ್ತದೆ. ತಳಿಯೇ ಹಳತಾಯಿತು ಎಂದು ಬೆಳೆಗಾರರು ಬಹುಕಾಲ ಗೊಣಗುತ್ತಿದ್ದರು.

ಮೂರನೆಯ ತೊಡಕು ನೆಲದ್ದು, ಸಿಂಪಡಣೆಯದು. ಇದಕ್ಕೆ ಗಾಂಜಾಕ್ಕಿಂತ ಹಾಪ್ಸ್ ಒಳ್ಳೆಯ ಸಾಕ್ಷಿ, ಏಕೆಂದರೆ ಗಂಧಕದ ಸುವಾಸನೆಯ ಆಯ್ಕೆಯಲ್ಲಿ ಹಾಪ್ಸ್ ತಳಿಗಾರರು ಎಷ್ಟೋ ಮುಂದಿದ್ದಾರೆ. ನ್ಯೂಜಿಲೆಂಡಿನ ನೆಲ್ಸನ್ ಸೊವಾಂ ತಳಿಗೆ ಬಿಳಿ ದ್ರಾಕ್ಷಾರಸದ ಘಮ ಕೊಡುವ ಗಂಧಕದ ಅಣುವನ್ನು ಜಪಾನಿನ ಬಿಯರ್ ಸಂಶೋಧಕರು ಬೇರೆ ಮಾಡಿ ತೋರಿಸಿದ್ದಾರೆ. ಜಪಾನಿನದೇ ಇನ್ನೊಂದು ತಂಡ ಒಂದು ಒಗಟನ್ನು ಬಿಡಿಸಿತು. ಅಮೆರಿಕ, ಆಸ್ಟ್ರೇಲಿಯಾಗಳ ಹಾಪ್ಸ್‌ನಲ್ಲಿ ಸಿಗುವ ಒಂದು ಗಂಧಕದ ಅಣು ಯುರೋಪಿನ ಹಾಪ್ಸ್‌ನಲ್ಲಿ ಇಲ್ಲವೆಂಬಷ್ಟು ಕಡಿಮೆ. ತಳಿಯ ಭೇದವೇ? ಪೂರ್ತಿ ಅಲ್ಲ. ಯುರೋಪಿನ ರೈತರು ಬೂಜುರೋಗಕ್ಕೆ ತಾಮ್ರದ ಔಷಧ ಹೊಡೆಯುತ್ತಾರೆ. ತಾಮ್ರ ಆ ಗಂಧಕವನ್ನು ಹಿಡಿದು ಕಟ್ಟಿಹಾಕುತ್ತದೆ. ಮಲೆನಾಡಿನ ಅಡಿಕೆ ಬೆಳೆಗಾರರಿಗೆ ಈ ಔಷಧ ಪರಿಚಯದ್ದೇ: ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ. ಕೊಳೆರೋಗಕ್ಕೆ ಅದನ್ನು ಹೊಡೆಯುವುದನ್ನು ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಶತಮಾನದ ಹಿಂದೆ ರೂಢಿಗೆ ತಂದರು. ಅಡಿಕೆಯ ಪರಿಮಳಕ್ಕೆ ಯಾರೂ ಮನಸೋಲದ ಕಾರಣ ನಮ್ಮಲ್ಲಿ ನಷ್ಟದ ಲೆಕ್ಕ ಬರಲಿಲ್ಲ.

ಬಾಸುಮತಿ ತಳಿಗಾರರು ಗಾಂಜಾ ತಳಿಗಾರರ ಮುಂದೆ ಪುಣ್ಯವಂತರು. ಬಾಸುಮತಿಯಲ್ಲೂ ನಮ್ಮ ಗಂಧಸಾಲೆಯಂಥ ಸುವಾಸನೆಯ ಭತ್ತಗಳಲ್ಲೂ ಘಮದ ಮುಖ್ಯ ಕಾರಣ 2-ಅಸಿಟೈಲ್-1-ಪಿರೊಲೀನ್. ಅದೂ ಅಲ್ಪವೇ, ಅದರ ಹೊಸ್ತಿಲೂ ತಗ್ಗಿನದೇ. ಬಾಸುಮತಿಯ ಒಂದು ಜೀನಿನಲ್ಲಿ ಎಂಟು ಅಕ್ಷರ ಕಳಚಿಹೋಗಿ ಅದು ಕೆಲಸ ನಿಲ್ಲಿಸಿದ್ದರಿಂದಲೇ ಈ ಘಮ ಹುಟ್ಟಿದೆ ಎಂದು 2005ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ತೋರಿಸಿದರು. ಒಂದು ಜೀನು, ಒಂದು ಮುರುಕು, ಒಂದು ಪರೀಕ್ಷೆ. ಗಾಂಜಾದ ಸ್ಕಂಕ್ ಗಮಲಿಗೆ ಅಷ್ಟು ಸಲೀಸಾದ ಹಿಡಿ ಇಲ್ಲ. ಆದ್ದರಿಂದ ಕೋಟಿಗಟ್ಟಲೆ ಬೆಲೆಯ ಪ್ರಯೋಗಾಲಯಗಳ ಪಕ್ಕದಲ್ಲೇ ತಳಿಗಾರ ಇವತ್ತಿಗೂ ನೂರು ಗಿಡಗಳ ಸಾಲಿನಲ್ಲಿ ಒಂದೊಂದೇ ಗೊಂಚಲನ್ನು ಬೆರಳಿನಲ್ಲಿ ಉಜ್ಜಿ ಮೂಸುತ್ತ ನಡೆಯುತ್ತಾನೆ.

ಆ ಮೂಗನ್ನಾದರೂ ನೆಚ್ಚಬಹುದೇ? ಮೆಣಸಿನ ಘಾಟಿಗೆ ಕಾರಣವಾದ ರೊಟುಂಡೋನ್ ಎಂಬ ಅಣುವನ್ನು 2008ರಲ್ಲಿ ಆಸ್ಟ್ರೇಲಿಯಾದ ದ್ರಾಕ್ಷಾರಸ ಸಂಶೋಧಕರು ಪ್ರಕಟಿಸಿದಾಗ ಒಂದು ಸೋಜಿಗ ಬೆಳಕಿಗೆ ಬಂತು. ಸಾಧಾರಣ ಮೂಗಿಗೆ ಲೀಟರ್ ನೀರಿನಲ್ಲಿ 8 ನ್ಯಾನೋಗ್ರಾಂ ಸಾಕು. ಪರೀಕ್ಷೆಗೆ ಕೂತವರಲ್ಲಿ ಐವರಲ್ಲೊಬ್ಬರಿಗೆ 4000 ನ್ಯಾನೋಗ್ರಾಂ ಹಾಕಿದರೂ ಏನೂ ತಿಳಿಯಲಿಲ್ಲ. ಅಂಥ ಮೂಗಿನವನು ತಳಿಗಾರನಾದರೆ ಮೆಣಸಿನ ಘಮದ ಗಿಡಗಳನ್ನೆಲ್ಲ ಸಪ್ಪೆ ಎಂದು ಕಿತ್ತೊಗೆದಾನು. ತನ್ನ ಮೂಗು ಚೊಕ್ಕವಾಗಿದೆ ಎಂದೇ ನಂಬಿರುತ್ತಾನೆ. ಒಬ್ಬನ ಬದಲು ನಾಲ್ಕಾರು ಮೂಗುಗಳನ್ನು ಕೂರಿಸುವುದು ಇದಕ್ಕೇ.

ಪೇಟೆಯದು ಬೇರೆಯೇ ಗಣಿತ. ಅಮೆರಿಕದ ಅಂಗಡಿಗಳಲ್ಲಿ ಗಾಂಜಾ ಮಾರುವುದು ಟಿಎಚ್‌ಸಿಯ ಶೇಕಡಾವಾರು ಅಂಕಿಯ ಮೇಲೆ. ಅಂಕಿ ಮೇಲಕ್ಕೆ ಹೋದಷ್ಟೂ ಬೆಲೆ. ಜೊತೆಗೆ ಇಂಡಿಕಾ ಎಂದರೆ ನಿದ್ದೆ, ಸಟೈವ ಎಂದರೆ ಚುರುಕು ಎಂಬ ಜಾತಕಫಲ. ಭಾರತದಿಂದ ಹೋದ ಮಾದರಿಗಳನ್ನು ನೋಡಿ 18ನೆಯ ಶತಮಾನದಲ್ಲಿ ಲಮಾರ್ಕ್ ಇಟ್ಟ ಇಂಡಿಕಾ ಎಂಬ ಹೆಸರಿಗೆ ಇಂಥ ಭವಿಷ್ಯ ಕಾದಿತ್ತೆಂದು ಪಾಪ ಅವನಿಗೆ ಹೇಗೆ ಗೊತ್ತು! ಕೆನಡಾದ ಡಲ್‌ಹೌಸಿ ವಿಶ್ವವಿದ್ಯಾಲಯದವರು ನೆದರ್ಲೆಂಡ್ಸಿನಿಂದ ಮಾದರಿಗಳನ್ನು ತರಿಸಿ, ಒಂದು ಲಕ್ಷಕ್ಕೂ ಹೆಚ್ಚು ಜಾಗಗಳಲ್ಲಿ ಡಿಎನ್‌ಎ ಓದಿ, 2021ರಲ್ಲಿ ಫಲಿತಾಂಶ ಪ್ರಕಟಿಸಿದರು. ಇಂಡಿಕಾ ಎಂಬ ಚೀಟಿ ಹೊತ್ತ ಎರಡು ಗಿಡಗಳು ರಕ್ತಸಂಬಂಧಿಗಳೆಂದು ಹೇಳಲು ಆಧಾರವೇ ಇರಲಿಲ್ಲ. ಚೀಟಿಗೂ ಗಿಡಕ್ಕೂ ಹೊಂದಿಕೆ ಕಂಡದ್ದು ಕೆಲವೇ ಟರ್ಪೀನುಗಳಲ್ಲಿ, ಆ ಟರ್ಪೀನುಗಳನ್ನು ತಯಾರಿಸುವ ಜೀನುಗಳ ಆಸುಪಾಸಿನಲ್ಲಿ. ಎಂದರೆ, ಬೆಳೆಗಾರರು ವಂಶವೃಕ್ಷ ನೋಡಿ ಹೆಸರಿಟ್ಟಿರಲಿಲ್ಲ, ಮೂಸಿ ಹೆಸರಿಟ್ಟಿದ್ದರು. ಮಣ್ಣಿನ ವಾಸನೆ ಬಂದರೆ ಇಂಡಿಕಾ, ಸಿಹಿ ವಾಸನೆ ಬಂದರೆ ಸಟೈವ. ಪೇಟೆ ಅಂಕಿಯ ಹಿಂದೆ ಓಡಿದರೂ ಕೈ ಮೂಗನ್ನೇ ಕೇಳುತ್ತಿತ್ತು.

ಗಮಲು ಎಲ್ಲರಿಗೂ ಬೇಕಾದದ್ದೇನಲ್ಲ. ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾ ಕೌಂಟಿಯ ಕಾರ್ಪಿಂಟೇರಿಯಾ ಒಂದು ಕಾಲಕ್ಕೆ ಹಸಿರುಮನೆಗಳಲ್ಲಿ ಹೂ ಬೆಳೆದು ಮಾರುತ್ತಿದ್ದ ಊರು. ಹೂವಿನ ವ್ಯಾಪಾರ ಕುಸಿದು, ಅದೇ ಗಾಜಿನ ಮನೆಗಳಿಗೆ ಗಾಂಜಾ ಬಂದ ಮೇಲೆ ಊರಿನವರು ನಾತ ತಾಳಲಾರೆವೆಂದು ವರ್ಷಗಟ್ಟಲೆ ದೂರು ಕೊಟ್ಟಿದ್ದಾರೆ, ಕೋರ್ಟು ಹತ್ತಿದ್ದಾರೆ. ಬೆಳೆಗಾರರು ಇದ್ದಿಲಿನ ಸೋಸುಯಂತ್ರಗಳಿಗೆ ಹಣ ಸುರಿಯುತ್ತಿದ್ದಾರೆ. ಅಲ್ಲಿ ಗ್ರಾಹಕನಿಗೆ ಗಮಲಿನ ಗಿಡ ಬೇಕು, ನೆರೆಯವನಿಗೆ ಗಮಲಿಲ್ಲದ ಗಿಡ ಬೇಕು. ಎರಡಕ್ಕೂ ಕಾರಣವಾದದ್ದು ಅದೇ ಅಲ್ಪ ಗಂಧಕ.

ಭಾರತದಲ್ಲಿ ಈ ತಳಿಗಾರಿಕೆಗೆ ಜಾಗವೆಲ್ಲಿ? 1985ರ ಮಾದಕ ವಸ್ತು ಕಾಯ್ದೆ ಗಾಂಜಾ ಎಂದು ಹೆಸರಿಸಿ ನಿಷೇಧಿಸುವುದು ಗಿಡದ ಹೂತುದಿಯನ್ನು. ತುದಿಯಿಂದ ಬೇರೆಯಾದ ಬೀಜವನ್ನೂ ಎಲೆಯನ್ನೂ ಆ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ರಾಳದ ರೋಮಗಳು ದಟ್ಟವಾಗಿರುವುದು ಹೂತುದಿಯಲ್ಲೇ ಆದ್ದರಿಂದ ನಿಷೇಧದ ಗೆರೆ ಗಮಲಿನ ಗೆರೆಯ ಮೇಲೇ ಹಾದುಹೋಗಿದೆ. ಕಾಯ್ದೆಯ 14ನೆಯ ಕಲಮು ನಾರು, ಬೀಜ ಮತ್ತು ತೋಟಗಾರಿಕೆಯ ಉದ್ದೇಶಕ್ಕೆ ಗಿಡ ಬೆಳೆಸಲು ಸರ್ಕಾರ ಅನುಮತಿ ಕೊಡಬಹುದು ಎನ್ನುತ್ತದೆ. ಅದನ್ನು ಹಿಡಿದು ಉತ್ತರಾಖಂಡ 2018ರಲ್ಲಿ ಪರವಾನಗಿ ಕೊಡತೊಡಗಿತು. ಜಮ್ಮುವಿನ ಸಿಎಸ್‌ಐಆರ್ ಪ್ರಯೋಗಾಲಯ ಔಷಧ ಸಂಶೋಧನೆಗೆಂದು ಗಿಡ ಬೆಳೆಸುತ್ತಿದೆ. 2021ರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಬೀಜವನ್ನೂ ಬೀಜದೆಣ್ಣೆಯನ್ನೂ ಆಹಾರವೆಂದು ಒಪ್ಪಿತು. ನಾರಿಗೆ, ಬೀಜಕ್ಕೆ ಆರಿಸುವವನು ಗಮಲನ್ನು ಕೇಳುವುದಿಲ್ಲ, ಕೇಳಿದರೆ ತೊಂದರೆ. ಇತ್ತ ಹಿಮಾಲಯದ ಇಳಿಜಾರುಗಳಲ್ಲಿ ತಾನಾಗಿ ಬೆಳೆದು ನಿಂತ ಗಿಡಗಳಲ್ಲಿ ಯಾವ ಯಾವ ಘಮದ ವಂಶಗಳಿವೆಯೋ ಅವಕ್ಕೆ ಗಾಳಿಯೇ ಪುರೋಹಿತ. ಪರಾಗ ಕಿಲೋಮೀಟರುಗಟ್ಟಲೆ ಹಾರಿಹೋಗುತ್ತದೆ. ಹೊರಗಿನ ಮಿಶ್ರತಳಿಯ ಒಂದು ತೋಟ ಕಣಿವೆಗೆ ಬಂದರೆ ಹಳೆಯ ವಂಶ ಹಳೆಯದಾಗಿ ಉಳಿಯುವುದಿಲ್ಲ.

ಕುಮಾವೂಂ ಗುಡ್ಡಗಳ ಅಡುಗೆಮನೆಗಳಲ್ಲಿ ಆ ಗಿಡದ ಬೀಜವನ್ನು ಹುರಿದು, ನಿಂಬೆರಸ, ಉಪ್ಪು, ಮೆಣಸಿನಕಾಯಿ ಹಾಕಿ ಅರೆದು ಚಟ್ನಿ ಮಾಡುತ್ತಾರೆ. ಬೀಜದಲ್ಲಿ ರಾಳದ ರೋಮಗಳಿಲ್ಲ, ಗಂಧಕದ ಆ ಗಮಲಿಲ್ಲ, ಅಮಲಂತೂ ಇಲ್ಲವೇ ಇಲ್ಲ. ಹುರಿದಾಗ ಏಳುವುದು ಎಳ್ಳಿನಂಥ ಕಂಪು. ಉತ್ತರ ಕರ್ನಾಟಕದ ರೊಟ್ಟಿಯೂಟದ ಜೊತೆ ಬರುವ ಗುರೆಳ್ಳು ಹಿಂಡಿಗೆ ಅದು ಹತ್ತಿರದ್ದು. ಗುರೆಳ್ಳಿಗೆ ಹಳೇ ಮೈಸೂರಿನ ಕಡೆ ಇಟ್ಟಿರುವ ಹೆಸರು ಹುಚ್ಚೆಳ್ಳು. ಆ ಬಡಪಾಯಿ ಬೀಜ ತಿಂದು ಇದುವರೆಗೆ ಯಾರಿಗೂ ಹುಚ್ಚು ಹಿಡಿದದ್ದಿಲ್ಲ.